ವಾಲಿಬಾಲ್ ಪಾಸ್ ತರಬೇತಿ ಸಾಧನಗಳು
ಎದುರಾಳಿಯ ಸರ್ವ್ ಅನ್ನು ಮುಂಗೈಗಳ ಮೇಲೆ ಪಡೆದು ಸೆಟ್ಟರ್‌ಗೆ (ದಾಳಿಗೆ ಚೆಂಡು ಎತ್ತಿಕೊಡುವ ಆಟಗಾರನಿಗೆ) ತಲುಪಿಸುವ ಕೌಶಲ ಬೆಳೆಸುವ ಸಲಕರಣೆಗಳು. ಇವುಗಳಲ್ಲಿ ಗೋಡೆಯೇ ಅಗ್ಗದ್ದು, ನೆಚ್ಚಬಹುದಾದದ್ದು. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಸೀಮೆಯ ಶಾಲಾ ಮಕ್ಕಳಿಗೂ ಅರಭಾವಿಯ ಕಿತ್ತೂರು ರಾಣಿ ಚನ್ನಮ್ಮ ತೋಟಗಾರಿಕೆ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೂ ಖರ್ಚಿಲ್ಲದೆ ಒದಗುವಂಥದ್ದು. ನೆಟ್ಟಿನ ಎತ್ತರಕ್ಕೆ (ಪುರುಷರಿಗೆ 2.43 ಮೀ., ಮಹಿಳೆಯರಿಗೆ 2.24 ಮೀ.) ಸುಣ್ಣದ ಗೆರೆ ಎಳೆದು, ಚೆಂಡು ಪ್ರತಿ ಸಲವೂ ಅದರ ಮೇಲ್ಗಡೆಯೇ ಬಡಿಯುವಂತೆ ಆಡಬೇಕು. 260–280 ಗ್ರಾಂ ತೂಕದ ಚೆಂಡು ಮಣಿಕಟ್ಟಿನಿಂದ ತುಸು ಮೇಲಿನ ಚಪ್ಪಟೆ ಭಾಗಕ್ಕೆ ತಾಗಬೇಕು; ಹಗ್ಗಕ್ಕೆ ತೂಗುಬಿಟ್ಟ ಚೆಂಡು ಆ ಜಾಗವನ್ನು ಕೈಗೆ ರೂಢಿ ಮಾಡಿಸುತ್ತದೆ. ಮುಂಗೈಗಳು ಅಗಲದಂತೆ ಹಿಡಿಯುವ ಎಲಾಸ್ಟಿಕ್ ಪಟ್ಟಿ ಹೊಸಬರಿಗೆ ನೆರವಾದರೂ ಅದನ್ನೇ ನೆಚ್ಚಿದವರು ಕಾಲಿನ ಚಲನೆಯನ್ನು ಮರೆಯುತ್ತಾರೆ. ಸೆಟ್ಟರ್ ನಿಲ್ಲುವಲ್ಲಿ ಕಂಬಕ್ಕೆ ಕಟ್ಟಿದ ರಿಂಗ್ ಗುರಿಯಾಗುತ್ತದೆ.