ನೀರಿನ ಪಾಲಿಗೆ ಬೆಲೆ ಕಟ್ಟಿದವರು

ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಲಂಡನ್ನಿನ ಹರಾಜಿಗೆ ಆಗೊಮ್ಮೆ ಈಗೊಮ್ಮೆ ಒಂದು ವಿಚಿತ್ರ ಸರಕು ಬರುತ್ತಿತ್ತು. ಅದು ಚಿನ್ನವಲ್ಲ, ವಜ್ರವಲ್ಲ, ಬಂಗಲೆಯೂ ಅಲ್ಲ. 'ನ್ಯೂ ರಿವರ್ ಕಂಪೆನಿ' ಎಂಬ ನೀರು ಸರಬರಾಜು ಸಂಸ್ಥೆಯ ಒಂದು ಷೇರು. ಎಷ್ಟೋ ಸಲ ಇಡೀ ಷೇರು ಕೂಡ ಅಲ್ಲ, ಅದರ ಒಂದು ಚೂರು. ಇಡೀ ಷೇರು ಒಂದು ಲಕ್ಷ ಪೌಂಡಿಗೂ ಮೀರಿ ಮಾರಾಟವಾದದ್ದುಂಟು. ಇನ್ನೂರೈವತ್ತು ಮುನ್ನೂರು ವರ್ಷಗಳ ಹಿಂದೆ ಇದೇ ಷೇರಿನ ಪಾಲಿಗೆ ಬಿದ್ದ ಖರ್ಚು ಸುಮಾರು ಇನ್ನೂರೈವತ್ತು ಪೌಂಡು ಮಾತ್ರ.

ಮಳೆಯಾಗಿ ಪುಕ್ಕಟೆ ಸುರಿಯುವ ನೀರಿಗೆ ಈ ಬೆಲೆ ಬಂದದ್ದು ಹೇಗೆ? ಅದನ್ನು ಕಟ್ಟಿದವರು ಯಾವ ಲೆಕ್ಕ ಹಾಕಿದರು? ಆ ನೀರು ಕುಡಿಯಲು ಯೋಗ್ಯವೇ ಎಂಬ ಪ್ರಶ್ನೆಗೆ ಆ ಲೆಕ್ಕದಲ್ಲಿ ಜಾಗವಿತ್ತೇ? ಲಂಡನ್ನಿನ ನೀರಿನ ಕಂಪೆನಿಗಳ ಕತೆ ಈ ಮೂರು ಪ್ರಶ್ನೆಗಳ ಸುತ್ತ ನಾಲ್ಕು ಶತಮಾನಗಳಷ್ಟು ಉದ್ದಕ್ಕೆ ಹರಡಿಕೊಂಡಿದೆ.

ಕತೆ ಶುರುವಾಗುವುದು ಒಬ್ಬ ಅಕ್ಕಸಾಲಿಯಿಂದ. ವೇಲ್ಸ್ ಪ್ರಾಂತದ ಡೆನ್ಬಿಯಿಂದ ಲಂಡನ್ನಿಗೆ ಬಂದು ಚಿನ್ನದ ವ್ಯಾಪಾರ ನಡೆಸುತ್ತಿದ್ದ ಹ್ಯೂ ಮಿಡ್ಲ್‌ಟನ್ 1609ರಲ್ಲಿ ಒಂದು ಕಾಲುವೆ ಕೆಲಸ ಹಿಡಿದ. ಮೂಲ ಯೋಚನೆ ಎಡ್ಮಂಡ್ ಕೋಲ್ಟ್‌ಹರ್ಸ್ಟ್ ಎಂಬವನದು. ಅವನಲ್ಲಿ ದುಡ್ಡು ಸಾಲದೆ ಕೆಲಸ ನಿಂತಿತ್ತು. ಹರ್ಟ್‌ಫರ್ಡ್‌ಷೈರಿನ ಆಮ್ವೆಲ್ ಮತ್ತು ಚಾಡ್ವೆಲ್ ಎಂಬ ಚಿಲುಮೆಗಳಿಂದ ಲಂಡನ್ನಿನ ಅಂಚಿನ ಕ್ಲರ್ಕನ್‌ವೆಲ್‌ವರೆಗೆ ಸುಮಾರು 39 ಮೈಲಿ ಕಾಲುವೆ ತೋಡಬೇಕಿತ್ತು. ಅಷ್ಟು ದೂರಕ್ಕೂ ಇದ್ದ ಒಟ್ಟು ಇಳಿಜಾರು ಹದಿನೆಂಟು ಅಡಿಯ ಆಸುಪಾಸು, ಅಂದರೆ ಮೈಲಿಗೆ ಐದಾರು ಅಂಗುಲ! ಪಂಪಿನ ಹಂಗಿಲ್ಲದೆ ನೀರು ತಾನಾಗಿ ಹರಿದು ಬರುವಂತೆ, ಗುಡ್ಡದ ಮಗ್ಗುಲನ್ನು ಬಳಸಿ ಬಳಸಿ ಕಾಲುವೆ ಸಾಗಿತು.

ದಾರಿಯಲ್ಲಿದ್ದ ಜಮೀನ್ದಾರರು ಅಡ್ಡಬಂದರು. ಗದ್ದೆ ಜೌಗಾಗುತ್ತದೆ, ದನಕರು ಬೀಳುತ್ತವೆ ಎಂದು ತಕರಾರು ತೆಗೆದರು. ಮಿಡ್ಲ್‌ಟನ್ನನ ಗಂಟು ಕರಗಿತು. 1612ರಲ್ಲಿ ಅವನು ದೊರೆ ಒಂದನೆಯ ಜೇಮ್ಸ್‌ನ ಬಳಿಗೆ ಹೋದ. ಅರ್ಧ ಖರ್ಚು ದೊರೆಯದು, ಅರ್ಧ ಲಾಭವೂ ದೊರೆಯದು ಎಂದು ಒಪ್ಪಂದವಾಯಿತು. ಅರಮನೆ ಕೈಹಾಕಿದ ಮೇಲೆ ಜಮೀನ್ದಾರರ ಗಂಟಲು ಇಳಿಯಿತು. 1613ರ ಸೆಪ್ಟೆಂಬರ್ 29ರಂದು ನೀರು ಲಂಡನ್ನಿಗೆ ಬಂತು. ದೊರೆ ಈ ಕಾಲುವೆಯ ಲಾಭ ಕಂಡದ್ದಕ್ಕಿಂತ ಮೊದಲು ಅದರ ತಂಪು ಕಂಡ ಎನ್ನಬೇಕು. 1622ರ ಚಳಿಗಾಲದಲ್ಲಿ ಕುದುರೆ ಎಡವಿ, ಹಿಮಗಟ್ಟಿದ ಕಾಲುವೆಯೊಳಗೆ ತಲೆಕೆಳಗಾಗಿ ಬಿದ್ದ ಅವನನ್ನು ಬೂಟು ಹಿಡಿದು ಮೇಲಕ್ಕೆಳೆದರಂತೆ.

1619ರಲ್ಲಿ ಕಂಪೆನಿಗೆ ಸನ್ನದು ಸಿಕ್ಕಿತು. ಒಟ್ಟು 72 ಷೇರುಗಳು. ಅದರಲ್ಲಿ 36 'ಸಾಹಸಿಗರ' ಷೇರು, 36 'ದೊರೆಯ' ಷೇರು. ದೊರೆಯ ಪಾಲಿಗೆ ಲಾಭವುಂಟು, ಆಡಳಿತದಲ್ಲಿ ಮಾತಿಲ್ಲ. ಮೊದಲ ವರ್ಷಗಳಲ್ಲಿ ಲಾಭವೇ ಇರಲಿಲ್ಲ. ಕಟ್ಟಿಗೆಯ ಕೊಳವೆಗಳು ಸೋರುತ್ತಿದ್ದವು, ಮನೆಗೆ ನೀರು ಹಾಕಿಸಿಕೊಳ್ಳಲು ಜನ ಮುಂದೆ ಬರುತ್ತಿರಲಿಲ್ಲ. ಜೇಮ್ಸ್‌ನ ಮಗ ಒಂದನೆಯ ಚಾರ್ಲ್ಸ್‌ಗೆ ತಾಳ್ಮೆ ಕಡಿಮೆ, ಹಣದ ಮುಗ್ಗಟ್ಟು ಹೆಚ್ಚು. 1631ರಲ್ಲಿ ಅವನು ವರ್ಷಕ್ಕೆ 500 ಪೌಂಡು ಖಾಯಂ ಕಂದಾಯ ಕೊಟ್ಟರೆ ಸಾಕೆಂದು ತನ್ನ 36 ಷೇರುಗಳನ್ನೂ ಬಿಟ್ಟುಕೊಟ್ಟ. ನೀರಿನ ಷೇರಿಗೆ ಕಟ್ಟಿದ ಅತ್ಯಂತ ತಪ್ಪು ಬೆಲೆ ಯಾವುದು ಎಂದರೆ ಇದನ್ನೇ ತೋರಿಸಬಹುದು. ಆ 500 ಪೌಂಡು ಇಪ್ಪತ್ತನೆಯ ಶತಮಾನದಲ್ಲೂ ಸಂದಾಯವಾಗುತ್ತಿತ್ತು. ಅಷ್ಟರಲ್ಲಿ ಆ ಷೇರುಗಳು ಎಷ್ಟೋ ಮನೆತನಗಳನ್ನು ಶ್ರೀಮಂತ ಮಾಡಿದ್ದವು.

ಆ ಕಾಲದವರ ಬೆಲೆ ಕಟ್ಟುವ ಲೆಕ್ಕ ಸರಳ. ನಮ್ಮಲ್ಲಿ ಗದ್ದೆಯ ಬೆಲೆಯನ್ನು 'ಇಷ್ಟು ವರ್ಷದ ಗೇಣಿ' ಎಂದು ಅಂದಾಜು ಮಾಡುವುದುಂಟಲ್ಲ, ಹಾಗೆಯೇ. ವರ್ಷಕ್ಕೆ ನೂರು ಪೌಂಡು ಲಾಭಾಂಶ ತರುವ ಷೇರನ್ನು ಇಪ್ಪತ್ತೈದು ವರ್ಷದ ಲೆಕ್ಕದಲ್ಲಿ ಕೊಂಡರೆ ಬೆಲೆ 2,500 ಪೌಂಡು. ಅದು ಹೂಡಿದ ಹಣಕ್ಕೆ ಶೇಕಡಾ ನಾಲ್ಕರ ಬಡ್ಡಿಗೆ ಸಮ. ಆದಾಯ ಖಚಿತವೆನಿಸಿದಷ್ಟೂ ವರ್ಷಗಳ ಸಂಖ್ಯೆ ಏರುತ್ತದೆ, ಗಂಡಾಂತರವಿದ್ದಷ್ಟೂ ಇಳಿಯುತ್ತದೆ. ಮುಂದೆ ಆದಾಯ ಬೆಳೆಯುತ್ತದೆಂಬ ನಂಬಿಕೆಯಿದ್ದರೆ ಕೊಳ್ಳುವವನು ಮೂವತ್ತು ವರ್ಷದ ಲೆಕ್ಕಕ್ಕೂ ಒಪ್ಪುತ್ತಾನೆ. ಇಂದಿನ ಷೇರುಪೇಟೆಯ ಪಂಡಿತರು ಗಣಕಯಂತ್ರದ ಮುಂದೆ ಕೂತು ಮಾಡುವುದೂ ಮೂಲದಲ್ಲಿ ಇದನ್ನೇ.

ನ್ಯೂ ರಿವರ್ ಷೇರು ಗದ್ದೆಯಂತಿತ್ತು ಎಂಬುದು ಬರಿಯ ಹೋಲಿಕೆಯಲ್ಲ, ಕಾನೂನೂ ಹಾಗೇ ಹೇಳಿತು. ಈ ಷೇರು ಚರಾಸ್ತಿಯಲ್ಲ, ಸ್ಥಿರಾಸ್ತಿ ಎಂದು 1723ರಲ್ಲಿ ಇಂಗ್ಲೆಂಡಿನ ನ್ಯಾಯಾಲಯ ತೀರ್ಪು ಕೊಟ್ಟಿತು. ಹೆಂಡತಿಯ ಹೆಸರಿನಲ್ಲಿದ್ದ ಷೇರನ್ನು ಗಂಡ ತನ್ನಿಷ್ಟದಂತೆ ಮಾರುವ ಹಾಗಿಲ್ಲ ಎಂದಾಯಿತು. ಭೂಮಿಯಂತೆ ಅದು ಮಕ್ಕಳು ಮೊಮ್ಮಕ್ಕಳಿಗೆ ಹಂಚಿಹೋಗುತ್ತ, ಒಂದು ಷೇರು ಚೂರುಚೂರಾಯಿತು. ಹರಾಜಿಗೆ ಬರುತ್ತಿದ್ದುದು ಇಂಥ ಚೂರುಗಳೇ.

ಇನ್ನು ನೀರಿನ ಮಾತು. ಹತ್ತೊಂಬತ್ತನೆಯ ಶತಮಾನದ ನಡುವಿಗೆ ಲಂಡನ್ನಿನಲ್ಲಿ ಎಂಟು ದೊಡ್ಡ ನೀರಿನ ಕಂಪೆನಿಗಳು ಊರನ್ನು ಹಂಚಿಕೊಂಡಿದ್ದವು. ಹಲವು ಕಂಪೆನಿಗಳ ನೀರು ಟೇಮ್ಸ್ ನದಿಯದು, ಊರಿನ ಕೊಳಚೆ ಸೇರುತ್ತಿದ್ದುದೂ ಅದಕ್ಕೇ. 1829ರಲ್ಲಿ ಚೆಲ್ಸಿ ಕಂಪೆನಿಯ ಎಂಜಿನಿಯರ್ ಜೇಮ್ಸ್ ಸಿಂಪ್ಸನ್ ಮರಳಿನ ಹಾಸಿನ ಮೂಲಕ ನೀರನ್ನು ನಿಧಾನವಾಗಿ ಸೋಸುವ ವ್ಯವಸ್ಥೆ ಕಟ್ಟಿದ. ಹಾಸಿನ ಮೇಲೆ ಬೆಳೆಯುವ ತೆಳುವಾದ ಲೋಳೆಪದರ ಸೂಕ್ಷ್ಮ ಜೀವಿಗಳನ್ನು ಹಿಡಿದು ತಿನ್ನುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಅವನ ಗುರಿ ಬಗ್ಗಡ ತೆಗೆಯುವುದಾಗಿತ್ತು. ಆದರೂ ಎಲ್ಲ ಕಂಪೆನಿಗಳೂ ಕೂಡಲೇ ಅವನ ದಾರಿ ಹಿಡಿಯಲಿಲ್ಲ. ಏಕೆ ಹಿಡಿಯಬೇಕು? ನೀರಿನ ದರ ನಿಗದಿಯಾಗುತ್ತಿದ್ದುದು ಮನೆಯ ವಾರ್ಷಿಕ ಬಾಡಿಗೆ ಮೌಲ್ಯದ ಮೇಲೆ. ನೀರು ತಿಳಿಯಾಗಿದ್ದರೂ ರಾಡಿಯಾಗಿದ್ದರೂ ಬಿಲ್ಲು ಅಷ್ಟೇ. ಮರಳಿನ ಹಾಸಿಗೆ ಖರ್ಚುಂಟು, ಆದಾಯ ಮಾತ್ರ ಒಂದು ಕಾಸೂ ಏರದು. ಷೇರಿನ ಲೆಕ್ಕದ ಕಣ್ಣಿಗೆ ಶುದ್ಧಿ ಎಂಬುದು ಬರಿಯ ವೆಚ್ಚ.

ಈ ಕುರುಡು ಎಂಥದೆಂಬುದು 1854ರ ಕಾಲರಾದಲ್ಲಿ ಬಯಲಾಯಿತು. ದಕ್ಷಿಣ ಲಂಡನ್ನಿನ ಕೆಲವು ಬೀದಿಗಳಲ್ಲಿ ಲ್ಯಾಂಬೆತ್ ಕಂಪೆನಿ, ಸದರ್ಕ್ ಅಂಡ್ ವಾಕ್ಸ್‌ಹಾಲ್ ಕಂಪೆನಿ ಎರಡೂ ಕೊಳವೆ ಹಾಕಿದ್ದವು. ಅಕ್ಕಪಕ್ಕದ ಮನೆಗಳಿಗೆ ಬೇರೆ ಬೇರೆ ನೀರು. ಲ್ಯಾಂಬೆತ್ ಕಂಪೆನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ನದಿಯ ಮೇಲ್ಭಾಗದ ಟೇಮ್ಸ್ ಡಿಟ್ಟನ್‌ಗೆ ಬದಲಿಸಿತ್ತು. ಇನ್ನೊಂದು ಬ್ಯಾಟರ್ಸಿಯಲ್ಲಿ ಕೊಳಚೆ ಬೆರೆತ ನೀರನ್ನೇ ಎತ್ತುತ್ತಿತ್ತು. ಡಾಕ್ಟರ್ ಜಾನ್ ಸ್ನೋ ಸಾವು ಸಂಭವಿಸಿದ ಮನೆಮನೆಗೆ ಹೋಗಿ ನೀರು ಯಾರದೆಂದು ಕೇಳಿದ. ಬಾಡಿಗೆದಾರರಿಗೆ ಗೊತ್ತಿಲ್ಲದ ಕಡೆ ನೀರಿನ ಮಾದರಿಗೆ ಸಿಲ್ವರ್ ನೈಟ್ರೇಟ್ ಹಾಕಿ, ಉಪ್ಪಿನ ಅಂಶದಿಂದ ಕಂಪೆನಿಯನ್ನು ಗುರುತಿಸಿದ. ಕೆಳಗಿನ ನೀರಿನಲ್ಲಿ ಉಪ್ಪು ಬಹಳ ಹೆಚ್ಚು. ಕೊನೆಗೆ ಸಿಕ್ಕ ಲೆಕ್ಕ ಇದು: ಹತ್ತು ಸಾವಿರ ಮನೆಗಳಿಗೆ ಲ್ಯಾಂಬೆತ್ ನೀರಿನವರಲ್ಲಿ 37 ಸಾವು, ಸದರ್ಕ್ ಅಂಡ್ ವಾಕ್ಸ್‌ಹಾಲ್ ನೀರಿನವರಲ್ಲಿ 315.

ಎರಡೂ ಕಂಪೆನಿ, ಎರಡಕ್ಕೂ ಷೇರು, ಎರಡಕ್ಕೂ ಬಿಲ್ಲು ಕಟ್ಟುವ ಗಿರಾಕಿಗಳು. 37 ಮತ್ತು 315ರ ನಡುವಿನ ಅಂತರವನ್ನು ಲೆಕ್ಕಪುಸ್ತಕದ ಯಾವ ಅಂಕಣದಲ್ಲಿ ಬರೆಯುವುದು?

ಬರೆಸಿದ್ದು ಪೇಟೆಯಲ್ಲ, ಶಾಸನ. ಟೆಡ್ಡಿಂಗ್ಟನ್ನಿನಿಂದ ಕೆಳಗೆ, ಅಂದರೆ ಸಮುದ್ರದ ಉಬ್ಬರವಿಳಿತ ತಲುಪುವ ಕಡೆ ಟೇಮ್ಸ್ ನೀರನ್ನು ಎತ್ತಕೂಡದು, ಮನೆಗೆ ಕೊಡುವ ನೀರನ್ನು ಸೋಸಲೇಬೇಕು, ಊರಿನ ಬಳಿಯ ಜಲಾಶಯಗಳಿಗೆ ಮುಚ್ಚಿಗೆ ಇರಬೇಕು ಎಂದು 1852ರ ಕಾಯಿದೆ ಹೇಳಿತು. 1855ರ ತನಕ ಗಡುವು ಕೊಟ್ಟಿತು. ಆ ಗಡುವಿನ ನಡುವೆಯೇ 1854ರ ಕಾಲರಾ ಬಂದುಹೋಯಿತು. ಮುಂದೆ 1866ರಲ್ಲಿ ಈಸ್ಟ್ ಲಂಡನ್ ಕಂಪೆನಿಯು ಓಲ್ಡ್ ಫೋರ್ಡ್‌ನ ತೆರೆದ ಕೊಳದ ಸೋಸದ ನೀರನ್ನು ಕೊಳವೆಗೆ ಬಿಟ್ಟದ್ದು ಬಯಲಾಯಿತು. ಆ ವರ್ಷ ಪೂರ್ವ ಲಂಡನ್ನಿನಲ್ಲಿ ಕಾಲರಾಕ್ಕೆ ಸತ್ತವರು ಐದು ಸಾವಿರಕ್ಕೂ ಹೆಚ್ಚು.

ಆದರೂ ಷೇರುಗಳ ಏರಿಕೆ ನಿಲ್ಲಲಿಲ್ಲ. ಕಾರಣ ಮೇಲೆ ಹೇಳಿದ ದರದ ಪದ್ಧತಿಯಲ್ಲೇ ಇದೆ. ಲಂಡನ್ ಬೆಳೆದಂತೆ ಮನೆಬಾಡಿಗೆ ಏರಿತು, ಬಾಡಿಗೆ ಏರಿದಂತೆ ನೀರಿನ ಬಿಲ್ಲು ಏರಿತು. ಕಂಪೆನಿ ಒಂದು ಕೊಡ ನೀರನ್ನೂ ಹೆಚ್ಚು ಕೊಡಬೇಕಾಗಿರಲಿಲ್ಲ. ಲಾಭಾಂಶ ಶೇಕಡಾ ಹತ್ತು ಮೀರಬಾರದೆಂಬ ಕಟ್ಟು 1847ರ ಕಾಯಿದೆಯಲ್ಲಿತ್ತು ನಿಜ. ಆದರೆ ಹಿಂದಿನ ವರ್ಷಗಳ ಕೊರತೆಯನ್ನು ತುಂಬಿಕೊಳ್ಳಲು ಅದೇ ಕಾಯಿದೆ ದಾರಿ ಬಿಟ್ಟಿತ್ತು. ಒಬ್ಬ ಬ್ಯಾರಿಸ್ಟರ್ ಮಾತ್ರ ಇದನ್ನು ಕೋರ್ಟಿಗೆ ಎಳೆದ. ಆರ್ಚಿಬಾಲ್ಡ್ ಡಾಬ್ಸ್ ಎಂಬ ಆತ, ದರ ಹಾಕಬೇಕಾದ್ದು ಒಟ್ಟು ಬಾಡಿಗೆಯ ಮೇಲಲ್ಲ, ಖರ್ಚು ಕಳೆದು ಉಳಿದ ಮೌಲ್ಯದ ಮೇಲೆ ಎಂದು ವಾದಿಸಿ 1883ರಲ್ಲಿ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ ಗೆದ್ದ. ಒಂದು ಮನೆಯ ಕೆಲವು ಶಿಲ್ಲಿಂಗಿನ ವ್ಯಾಜ್ಯ ಎಲ್ಲ ಕಂಪೆನಿಗಳ ಆದಾಯದ ಬುಡಕ್ಕೇ ತಗಲಿತು.

ಅದಕ್ಕೂ ಮೊದಲೇ ಸರ್ಕಾರ ಕಂಪೆನಿಗಳನ್ನು ಕೊಂಡುಬಿಡಲು ಒಮ್ಮೆ ಹೊರಟಿತ್ತು. 1880ರಲ್ಲಿ ಡಿಸ್ರೇಲಿ ಮಂತ್ರಿಮಂಡಲದ ಗೃಹಸಚಿವ ರಿಚರ್ಡ್ ಕ್ರಾಸ್ ಎಂಟೂ ಕಂಪೆನಿಗಳಿಗೆ ಸುಮಾರು 3.3 ಕೋಟಿ ಪೌಂಡು ಕೊಡುವ ಮಸೂದೆ ತಂದ. ಬೆಲೆ ಕಟ್ಟಿದ ತಜ್ಞ ಮುಂದೆ ಬರಲಿರುವ ಆದಾಯದ ಏರಿಕೆಯನ್ನೂ ಸೇರಿಸಿ ಲೆಕ್ಕ ಹಾಕಿದ್ದ. ಸುದ್ದಿ ಹಬ್ಬುತ್ತಿದ್ದಂತೆ ಷೇರುಪೇಟೆಯಲ್ಲಿ ನೀರಿನ ಷೇರು ಜಿಗಿಯಿತು. ಊರಿನ ಜನ ಬೆಳೆದು ಹೆಚ್ಚಿಸಿದ ಬೆಲೆಯನ್ನು ಅದೇ ಜನರಿಂದ ವಸೂಲಿ ಮಾಡುವುದು ಯಾವ ನ್ಯಾಯ ಎಂದು ಗದ್ದಲವೆದ್ದಿತು. ಅಷ್ಟರಲ್ಲಿ ಪಾರ್ಲಿಮೆಂಟು ವಿಸರ್ಜನೆಯಾಗಿ, ಚುನಾವಣೆಯಲ್ಲಿ ಸರ್ಕಾರವೇ ಬಿತ್ತು, ಮಸೂದೆಯೂ ಬಿತ್ತು.

ಆ ಏಟಿನ ನೆನಪು 1902ರ ಕಾಯಿದೆಯಲ್ಲಿ ಕಾಣುತ್ತದೆ. ಆಗ ಮೆಟ್ರೊಪಾಲಿಟನ್ ವಾಟರ್ ಬೋರ್ಡ್ ಸ್ಥಾಪನೆಯಾಗಿ, ಪರಿಹಾರ ನಿರ್ಧರಿಸಲು ಸರ್ ಎಡ್ವರ್ಡ್ ಫ್ರೈ, ಸರ್ ಹ್ಯೂ ಓವನ್, ಸರ್ ಜಾನ್ ವುಲ್ಫ್ ಬ್ಯಾರಿ ಎಂಬ ಮೂವರು ಪಂಚರನ್ನು ನೇಮಿಸಲಾಯಿತು. ಒಬ್ಬರು ನ್ಯಾಯಾಧೀಶರು, ಒಬ್ಬರು ಆಡಳಿತಗಾರರು, ಮೂರನೆಯವರು ಲಂಡನ್ನಿನ ಟವರ್ ಬ್ರಿಡ್ಜ್ ಕಟ್ಟಿದ ಎಂಜಿನಿಯರ್. ಬಲವಂತದ ಮಾರಾಟವೆಂಬ ಕಾರಣಕ್ಕೆ ಮೇಲೊಂದಿಷ್ಟು ಸೇರಿಸುವ ರೂಢಿಯನ್ನು ಕಾಯಿದೆ ಇಲ್ಲಿ ತಡೆಯಿತು. ಆದರೂ ಕಂಪೆನಿಗಳ ಸಾಲವೂ ಸೇರಿ ಒಟ್ಟು ಮೊತ್ತ ನಾಲ್ಕು ಕೋಟಿ ಪೌಂಡು ದಾಟಿತು. 1880ರಲ್ಲಿ ದುಬಾರಿ ಎಂದು ಕೈಬಿಟ್ಟವರು 1904ರಲ್ಲಿ ಅದಕ್ಕಿಂತ ಹೆಚ್ಚು ತೆತ್ತರು. ನ್ಯೂ ರಿವರ್ ಕಂಪೆನಿ ನೀರನ್ನು ಬೋರ್ಡಿಗೆ ಒಪ್ಪಿಸಿ, ತನ್ನ ಮನೆಗಳ ಬಾಡಿಗೆ ಎಣಿಸುವ ಸಂಸ್ಥೆಯಾಗಿ ಮುಂದುವರಿಯಿತು.

ನಮ್ಮ ಕಡೆ ಈ ತಕರಾರಿಗೆ ಅವಕಾಶವೇ ಬರಲಿಲ್ಲ. 1890ರ ದಶಕದಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ತಂದದ್ದು ಮೈಸೂರು ಸರ್ಕಾರ; ಹರಾಜು ಕೂಗಲು ಷೇರುಗಳಿರಲಿಲ್ಲ.

ಇಂಗ್ಲೆಂಡಿನಲ್ಲಿ ಷೇರುಗಳು ಮತ್ತೆ ಬಂದದ್ದು 1989ರಲ್ಲಿ. ಥ್ಯಾಚರ್ ಸರ್ಕಾರ ಹತ್ತು ಪ್ರಾದೇಶಿಕ ಜಲ ಪ್ರಾಧಿಕಾರಗಳನ್ನು ಖಾಸಗಿಗೆ ಮಾರಿತು. ಷೇರಿಗೆ 240 ಪೆನ್ಸ್, ಅದೂ ಮೂರು ಕಂತಿನಲ್ಲಿ. ಒಟ್ಟು ಬಂದದ್ದು ಸುಮಾರು 520 ಕೋಟಿ ಪೌಂಡು. ಗಿರಾಕಿಗಳು ಬರಲೆಂದು ಸರ್ಕಾರ ಮನ್ನಾ ಮಾಡಿದ ಹಳೆಯ ಸಾಲವೇ ಸುಮಾರು 500 ಕೋಟಿ. ಅದರ ಮೇಲೆ 150 ಕೋಟಿಯಷ್ಟು ನಗದು. ಹೆಣ್ಣಿಗಿಂತ ವರದಕ್ಷಿಣೆ ದೊಡ್ಡದಾದ ಮದುವೆ.

ಅದಾದ ಮೇಲೆ ಒಂದು ವಿನೋದ ನಡೆಯಿತು. ಈ ಕಂಪೆನಿಗಳು ಜನರಿಂದ ಎಷ್ಟು ದರ ಪಡೆಯಬಹುದೆಂದು ನಿಯಂತ್ರಕ ಸಂಸ್ಥೆ ಆಫ್‌ವಾಟ್ ತೀರ್ಮಾನಿಸಬೇಕು. ದರಕ್ಕೆ ಬುಡ, ಹೂಡಿದ ಬಂಡವಾಳ. ಹಾಗಾದರೆ ಬಂಡವಾಳ ಎಷ್ಟು? ಕೊಳವೆ, ಜಲಾಶಯ, ಶುದ್ಧೀಕರಣ ಘಟಕಗಳನ್ನೆಲ್ಲ ಹೊಸದಾಗಿ ಕಟ್ಟುವ ವೆಚ್ಚ ಹಿಡಿದರೆ ಬಿಲ್ಲು ಆಕಾಶಕ್ಕೇರುತ್ತದೆ. ಷೇರುದಾರರು ತೆತ್ತದ್ದು ಅದರ ಒಂದು ಸಣ್ಣ ಪಾಲು ಮಾತ್ರ. ಕೊನೆಗೆ ಮಾರಾಟದ ನಂತರದ ಮೊದಲ ಇನ್ನೂರು ವಹಿವಾಟು ದಿನಗಳ ಷೇರುಬೆಲೆಯ ಸರಾಸರಿಯನ್ನು ಆಧಾರವಾಗಿಟ್ಟುಕೊಳ್ಳಲಾಯಿತು. ಅಂದರೆ ಮುಂದೆ ಎಷ್ಟು ದರ ಸಿಗಬಹುದೆಂದು ಊಹಿಸಿ ಪೇಟೆ ಷೇರಿಗೆ ಬೆಲೆ ಕಟ್ಟಿತು, ಆ ಬೆಲೆ ನೋಡಿ ನಿಯಂತ್ರಕರು ದರ ಕಟ್ಟಿದರು.

ಹತ್ತರಲ್ಲಿ ದೊಡ್ಡದು ಲಂಡನ್ನಿನ ಟೇಮ್ಸ್ ವಾಟರ್. ಜರ್ಮನಿಯ ಆರ್‌ಡಬ್ಲ್ಯುಇ ಕಂಪೆನಿಯ ಕೈಯಲ್ಲಿದ್ದ ಅದನ್ನು 2006ರಲ್ಲಿ ಆಸ್ಟ್ರೇಲಿಯದ ಮ್ಯಾಕ್ವಾರಿ ಬ್ಯಾಂಕಿನ ಮುಂದಾಳುತನದ ಕೂಟ ಕೊಂಡಿತು. ನೀರಿನ ಆದಾಯ ಖಚಿತ, ಆದ್ದರಿಂದ ಅದರ ಮೇಲೆ ಬೇಕಾದಷ್ಟು ಸಾಲ ಎತ್ತಬಹುದು ಎಂಬ ನಂಬಿಕೆ ಆ ಕಾಲದ್ದು. 2017ರ ಹೊತ್ತಿಗೆ ಮ್ಯಾಕ್ವಾರಿ ತನ್ನ ಪಾಲನ್ನು ಮಾರಿ ಹೊರನಡೆಯಿತು. ಅದೇ ವರ್ಷ ಟೇಮ್ಸ್ ನದಿಗೆ ಹೊಲಸು ಬಿಟ್ಟ ತಪ್ಪಿಗೆ ಕಂಪೆನಿಗೆ ಎರಡು ಕೋಟಿ ಪೌಂಡು ದಂಡ ಬಿತ್ತು. 2024ರಲ್ಲಿ ಸಾಲ 1,500 ಕೋಟಿ ಪೌಂಡು ದಾಟಿತ್ತು. ಆ ವರ್ಷದ ಮಾರ್ಚಿಯಲ್ಲಿ ಷೇರುದಾರರು ಕೊಡಬೇಕಿದ್ದ 50 ಕೋಟಿ ಪೌಂಡನ್ನು ತಡೆಹಿಡಿದರು. ಅತಿ ದೊಡ್ಡ ಷೇರುದಾರ ಸಂಸ್ಥೆಯಾದ ಕೆನಡದ ಪಿಂಚಣಿ ನಿಧಿ ಒಮರ್ಸ್, ಮುಂದಿನ ಎರಡು ತಿಂಗಳೊಳಗೆ ತನ್ನ ಪಾಲಿನ ಬೆಲೆಯನ್ನು ಪುಸ್ತಕದಲ್ಲಿ ಸೊನ್ನೆ ಎಂದು ಬರೆದುಕೊಂಡಿತು.

ಮಿಡ್ಲ್‌ಟನ್ ತೋಡಿಸಿದ ಕಾಲುವೆ ಇಂದಿಗೂ ಬತ್ತಿಲ್ಲ. ಕ್ಲರ್ಕನ್‌ವೆಲ್‌ವರೆಗೆ ಬರುವುದಿಲ್ಲ ಅಷ್ಟೆ. ಉತ್ತರ ಲಂಡನ್ನಿನ ಸ್ಟೋಕ್ ನ್ಯೂಯಿಂಗ್ಟನ್ ಜಲಾಶಯಗಳವರೆಗೆ ಬಂದು, ಅಲ್ಲಿಂದ ಟೇಮ್ಸ್ ವಾಟರ್‌ನ ಶುದ್ಧೀಕರಣ ಘಟಕಕ್ಕೆ ಸೇರುತ್ತದೆ.