ಗರ್ಭಾಶಯವ್ಯಾಧಿಯ ಪೂರ್ವೋತ್ತರ

ತುಳುವರ ಪುಯಿಂತೆಲ್ ತಿಂಗಳು ಮುಗಿಯುವ ಹೊತ್ತಿಗೆ, ಕಾಪುವಿನ ಕಡಲತಡಿಯಿಂದ ಕಾರ್ಕಳದ ಬಂಡೆಗುಡ್ಡಗಳವರೆಗಿನ ಸೀಮೆಯಲ್ಲೆಲ್ಲ, ಕೆಡ್ಡಸವೆಂಬ ಮೂರು ದಿನಗಳ ಪರ್ವವೊಂದು ನಡೆಯುವುದುಂಟು. ಭೂಮಿದೇವಿ ಮುಟ್ಟಾಗಿರುವಳೆಂಬ ಭಾವನೆಯಿಂದ ಆಗ ನೇಗಿಲು ಹೂಡುವುದಿಲ್ಲ, ನೆಲ ಅಗೆಯುವುದಿಲ್ಲ. ಕಡೆಯ ದಿನ ಮನೆಯೊಡತಿಯು ಅಂಗಳದಲ್ಲಿ ಎಣ್ಣೆ, ಸೀಗೆ, ಅರಸಿನಗಳನ್ನಿರಿಸಿ, ನೆಲಕ್ಕೆ ಎಣ್ಣೆ ಬಿಟ್ಟು ಆ ತಾಯಿಯನ್ನು ಮೀಯಿಸುತ್ತಾಳೆ. ಹುರಿದ ಅಕ್ಕಿಯ ಹುಡಿಗೆ ಬೆಲ್ಲ ಬೆರೆಸಿದ ನನ್ನೇರಿಯನ್ನು ಮನೆಮಂದಿಗೆಲ್ಲ ಹಂಚುತ್ತಾರೆ. ಧರಿತ್ರಿಯ ಋತುಧರ್ಮವನ್ನು ಇಷ್ಟು ನಿಸ್ಸಂಕೋಚವಾಗಿ ಪರ್ವವನ್ನಾಗಿ ಮಾಡಿದ ಜನ, ತಮ್ಮ ಮನೆಯ ಸ್ತ್ರೀಯ ಗರ್ಭಕೋಶಕ್ಕೆ ಬಂದ ವ್ಯಾಧಿಯನ್ನು ಮಾತ್ರ ಹಿತ್ತಿಲಿನಿಂದಾಚೆಗೆ ಬಿಡಲಿಲ್ಲ. ಸಿಡುಬಿಗೆ ಮಾರಿಯಮ್ಮನಿದ್ದಳು, ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿ ಮಾರಿಪೂಜೆಗೆ ಊರಿಗೆ ಊರೇ ನೆರೆಯುತ್ತಿತ್ತು. ನಿಲ್ಲದ ಮುಟ್ಟಿಗೆ ಊರೊಟ್ಟಿನ ಹರಕೆಯಾವುದೂ ಇರಲಿಲ್ಲ.

ಶಾಸ್ತ್ರಕ್ಕೆ ಇದು ತಿಳಿಯದ ವಿಷಯವಾಗಿತ್ತೆಂದಲ್ಲ. ಆರ್ತವವು ಹನ್ನೆರಡನೆಯ ವಯಸ್ಸಿಗೆ ತೊಡಗಿ ಐವತ್ತರಲ್ಲಿ ಕ್ಷಯಿಸುವುದೆಂದು ಸುಶ್ರುತಸಂಹಿತೆ ಹೇಳುತ್ತದೆ. ಚರಕಸಂಹಿತೆಯು ಇಪ್ಪತ್ತು ಬಗೆಯ ಯೋನಿವ್ಯಾಪತ್ತುಗಳನ್ನು ಎಣಿಸುತ್ತದೆ. ಅತಿಸ್ರಾವಕ್ಕೆ ಅಸೃಗ್ದರವೆಂದು ಹೆಸರಿದೆ, ಅಶೋಕದ ತೊಗಟೆ ಲೋಧ್ರಗಳ ಕಷಾಯವಿದೆ. ಆದರೆ ಪಂಡಿತನು ನಾಡಿ ಹಿಡಿದಾನು, ನಾಲಗೆ ನೋಡಿಯಾನು. ಉಳಿದುದನ್ನು ರೋಗಿಯ ಗಂಡನೋ ಅತ್ತೆಯೋ ಅರ್ಧಂಬರ್ಧವಾಗಿ ಹೇಳಿದಷ್ಟೇ ಅವನ ಪಾಲಿಗೆ ಬರುತ್ತಿತ್ತು. ನಿಜವಾದ ವೃತ್ತಾಂತವನ್ನು ಬಲ್ಲವಳು ಬೇರೊಬ್ಬಳಿದ್ದಳು. ಮುಟ್ಟಿನ ನಾಲ್ಕನೆಯ ದಿನ ಮಡಿ ಬಟ್ಟೆ ತಂದುಕೊಟ್ಟು ಮೈಲಿಗೆಯ ಬಟ್ಟೆಯನ್ನು ಒಯ್ಯುತ್ತಿದ್ದ ಮಡಿವಾಳಗಿತ್ತಿಗೆ, ಯಾವ ಮನೆಯಲ್ಲಿ ಯಾರ ಸ್ರಾವ ಹೆಚ್ಚಿತು, ಯಾರದು ತಿಂಗಳಿಗೆ ಎರಡು ಬಾರಿಯಾಯಿತು, ಬಾಯಿ ಬಿಟ್ಟು ಹೇಳದಿದ್ದರೂ ಬಟ್ಟೆಯಿಂದಲೇ ಗೊತ್ತಾಗುತ್ತಿತ್ತು. ಈ ಸೀಮೆಯ ಮೊದಲ ರೋಗನಿದಾನಜ್ಞೆ ಆಕೆಯೇ ಎಂದರೆ ನನ್ನ ಮಟ್ಟಿಗೆ ಅತಿಶಯೋಕ್ತಿಯಾಗಲಾರದು. ಆಕೆಯನ್ನು ಕೇಳುವವರಿರಲಿಲ್ಲ, ಅಷ್ಟೆ.

ಕೇಳುವವರು ಬಂದುದು 1923ರಲ್ಲಿ. ಬಾಸೆಲ್ ಮಿಷನ್ನಿನ ಪರವಾಗಿ ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ತೆರೆದ ಆಸ್ಪತ್ರೆಯನ್ನು ಇಂದಿಗೂ ಜನ ಮಿಷನ್ ಆಸ್ಪತ್ರೆಯೆಂದೇ ಕರೆಯುವರು; ಕಾಗದಪತ್ರಗಳಲ್ಲಿ ಅದು ಆಕೆಯ ಹೆಸರನ್ನೇ ಹೊತ್ತಿದೆ. ಕಾಪುವಿನ ಹೆಂಗಸಿಗೆ ಅದು ಉದ್ಯಾವರದ ಹೊಳೆಯಾಚೆಯ ಊರು. ಮೀನಿನ ಬುಟ್ಟಿ ಹೊತ್ತು ಹೊತ್ತು ಗರ್ಭಕೋಶ ಜಾರಿದವಳಿಗೂ, ಬಿಳಿಸೆರಗಿನಿಂದ ಸೊಂಟ ಸೋತ ಗದ್ದೆಕೆಲಸದವಳಿಗೂ, ತಮ್ಮ ಸಂಕಟವನ್ನು ಇನ್ನೊಬ್ಬ ಹೆಂಗಸಿನ ಮುಂದೆಯೇ ಹೇಳಿಕೊಳ್ಳಬಹುದೆಂಬ ಧೈರ್ಯ ಅಲ್ಲಿ ದೊರಕಿತು. ಆ ಕಾಲದ ಪರೀಕ್ಷೆಗೆ ಬೇಕಾದ ಉಪಕರಣ ಬಹಳವಿಲ್ಲ: ಒಂದು ಕೈಯ ಎರಡು ಬೆರಳು ಒಳಗೆ, ಇನ್ನೊಂದು ಕೈ ಕಿಬ್ಬೊಟ್ಟೆಯ ಮೇಲೆ, ನಡುವೆ ಸಿಕ್ಕ ಗರ್ಭಕೋಶವು ಮೆದುವೋ ಗಟ್ಟಿಯೋ, ಅಲುಗುವುದೋ ಅಂಟಿಕೊಂಡಿದೆಯೋ ಎಂಬುದನ್ನು ಸ್ಪರ್ಶವೇ ತಿಳಿಸಬೇಕು. ಗಡ್ಡೆಯ ಗಾತ್ರವನ್ನು ಹನ್ನೆರಡು ವಾರದ ಬಸಿರಿನಷ್ಟು, ಹದಿನಾರು ವಾರದಷ್ಟು ಎಂದು ಬಸಿರಿನ ಲೆಕ್ಕದಲ್ಲಿಯೇ ಹೇಳುವ ಪರಿಪಾಠವನ್ನು ವೈದ್ಯರು ಈಗಲೂ ಬಿಟ್ಟಿಲ್ಲ. ಉಪಕರಣಗಳ ಚರಿತ್ರೆ ಬರೆಯುವವರು, ಹೇಳಿಕೊಳ್ಳುವ ಆ ಧೈರ್ಯ ದೊರಕಿದ ಸಂಗತಿಯನ್ನು ಹಗುರವಾಗಿ ದಾಟಿಹೋಗುತ್ತಾರೆ. ರೋಗನಿರ್ಣಯದ ಮೊದಲ ಸಾಧನ ಹೇಳಿಕೊಳ್ಳಲು ಸಿಕ್ಕ ಕಿವಿಯೇ ಎಂದು ನಾನು ಬಲವಾಗಿ ನಂಬುತ್ತೇನೆ.

ಉಪಕರಣಗಳೂ ಬಂದವು. ಗರ್ಭಕೋಶದ ಒಳಪೊರೆಯನ್ನು ಕೆರೆದು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಮವನ್ನು ನಮ್ಮವರು ಒಳಗೆ ಕ್ಲೀನ್ ಮಾಡಿಸುವುದೆಂದು ತಪ್ಪಾಗಿ ತಿಳಿದರು. ಅದರ ಪ್ರಯೋಜನ ತೊಳೆಯುವುದಕ್ಕಿಂತ ತಿಳಿಯುವುದರಲ್ಲಿಯೇ ಹೆಚ್ಚು. ಯೋನಿಯಿಂದ ಸವರಿ ತೆಗೆದ ಜೀವಕೋಶಗಳಲ್ಲಿ ಗರ್ಭಕೋಶದ ಅರ್ಬುದವನ್ನು ಮುಂಚಿತವಾಗಿ ಕಾಣಬಹುದೆಂದು ಪಪಾನಿಕೊಲಾವ್ ಮತ್ತು ಟ್ರೌಟ್ 1941ರಲ್ಲಿ ಪ್ರಕಟಿಸಿದರು. 1958ರಲ್ಲಿ ಗ್ಲಾಸ್ಗೋವಿನ ಇಯಾನ್ ಡೊನಾಲ್ಡ್ ಹೊಟ್ಟೆಯೊಳಗಿನ ಗಡ್ಡೆಗಳನ್ನು ಧ್ವನಿತರಂಗಗಳಿಂದ ಕಾಣಿಸಿದನು. ಇವೆಲ್ಲ ಕಲಿಸಬೇಕಾದ ವಿದ್ಯೆಗಳು; 1953ರಲ್ಲಿ ಡಾ. ಟಿ. ಎಂ. ಎ. ಪೈಯವರು ಮಣಿಪಾಲದ ಬೋಳುಗುಡ್ಡದ ಮೇಲೆ ವೈದ್ಯಕೀಯ ಕಾಲೇಜನ್ನು ಸ್ಥಾಪಿಸದಿದ್ದರೆ, 1961ರಲ್ಲಿ ಕಸ್ತೂರ್ಬಾ ಆಸ್ಪತ್ರೆ ಅಲ್ಲಿ ತಲೆಯೆತ್ತದಿದ್ದರೆ, ಕಾಪುವಿನ ರೋಗಿಯು ಇವುಗಳಿಗಾಗಿ ಮಂಗಳೂರಿನ ಲೇಡಿ ಗೋಷನ್ ಆಸ್ಪತ್ರೆಯವರೆಗೆ ಹೋಗಬೇಕಾಗುತ್ತಿತ್ತು.

ಈ ವಿದ್ಯೆಯಿಂದ ಸ್ಪಷ್ಟವಾದ ದೊಡ್ಡ ವಿಷಯ ಮುಟ್ಟು ನಿಲ್ಲುವ ಮುನ್ನಿನ ಸ್ರಾವಕ್ಕೂ ನಿಂತ ಮೇಲಿನ ಸ್ರಾವಕ್ಕೂ ಇರುವ ಅಂತರ. ನಲವತ್ತರ ಆಸುಪಾಸಿನಲ್ಲಿ ಮುಟ್ಟು ಹೆಚ್ಚಾದರೆ ನಾರುಗಡ್ಡೆಯೋ, ಅಂಡಾಶಯದ ರಸಗಳ ಏರುಪೇರೋ ಕಾರಣವಾಗಿರುವುದುಂಟು. ಆ ರಸಗಳಿಂದ ಬೆಳೆಯುವ ನಾರುಗಡ್ಡೆ ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ತಾನಾಗಿ ಕುಗ್ಗುತ್ತದೆ. ಆದರೆ ಒಂದು ವರ್ಷ ಪೂರ್ತಿ ನಿಂತಿದ್ದು ಮತ್ತೆ ಕಾಣಿಸಿಕೊಂಡ ರಕ್ತ, ಒಂದೇ ತೊಟ್ಟಾದರೂ, ಬೇರೆ ಜಾತಿಯದು. ಬಹುಮಂದಿಯಲ್ಲಿ ಅದಕ್ಕೆ ಒಳಪೊರೆ ಒಣಗಿ ತೆಳುವಾದುದೇ ಕಾರಣ. ಸುಮಾರು ಹತ್ತರಲ್ಲಿ ಒಬ್ಬರಲ್ಲಿ ಒಳಪೊರೆಯ ಅರ್ಬುದ ಹೊರಬೀಳುತ್ತದೆ. ಸ್ಕ್ಯಾನಿಂಗಿನಲ್ಲಿ ಆ ಪೊರೆಯ ದಪ್ಪ 4 ಮಿಲಿಮೀಟರಿಗಿಂತ ಹೆಚ್ಚಿದ್ದರೆ ತುಣುಕು ತೆಗೆದು ಪರೀಕ್ಷಿಸದೆ ಬಿಡಲಾಗದು. ಅರುವತ್ತರ ಅಜ್ಜಿಗೆ ಮುಟ್ಟು ತಿರುಗಿ ಬಂತೆಂದು ನಕ್ಕು ಸುಮ್ಮನಾಗುವವರು ಈಗಲೂ ಇರುವರೆಂಬುದು ನನಗೆ ಖೇದದ ವಿಷಯ.

ಶಸ್ತ್ರಕ್ರಿಯೆ ಸುಲಭವಾದ ಮೇಲೆ ಇನ್ನೊಂದು ಅತಿರೇಕ ಹುಟ್ಟಿತು. ಹೆರಿಗೆ ಮುಗಿದ ಮೇಲೆ ಗರ್ಭಕೋಶದಿಂದೇನು ಪ್ರಯೋಜನ, ತೆಗೆಸಿಬಿಡುವುದೇ ಲೇಸು ಎಂಬ ಮಾತು ನಮ್ಮ ಹೆಂಗಸರ ಬಾಯಲ್ಲೇ ಬರಹತ್ತಿತು. ಮೂವತ್ತೈದರ ಹರೆಯದಲ್ಲಿ ಅಂಡಾಶಯಗಳನ್ನೂ ಸೇರಿಸಿ ತೆಗೆದರೆ, ಮುಪ್ಪಿನ ಋತುನಿವೃತ್ತಿ ಒಂದೇ ರಾತ್ರಿಯಲ್ಲಿ ಬಂದೆರಗಿ ಎಲುಬು ಸವೆಯತೊಡಗುವುದೆಂಬುದನ್ನು ಅವರಿಗೆ ಬಿಡಿಸಿ ಹೇಳಿದವರು ಕಡಮೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯವು 2022ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಮೂರು ತಿಂಗಳೊಳಗೆ ಅದನ್ನು ಎಲ್ಲ ರಾಜ್ಯಗಳೂ ಅಂಗೀಕರಿಸತಕ್ಕದ್ದೆಂದು 2023ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿತು.