ಬೇಸಿಗೆ ವಿಜ್ಞಾನ ಶಿಬಿರ

ಪ್ರಯೋಗಾಲಯವಿಲ್ಲದ, ಇದ್ದರೂ ಅದರ ಬೀಗ ತೆರೆಯದ ಶಾಲೆಗಳ ಮಕ್ಕಳಿಗೆ, ಮುಖ್ಯವಾಗಿ ಹಳ್ಳಿಯ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಮತ್ತು ಕನ್ನಡ ಮಾಧ್ಯಮದವರಿಗೆ ರಜೆಯಲ್ಲಿ ಕೈಯಾರೆ ಪ್ರಯೋಗ ಮಾಡಿಸುವ ಏರ್ಪಾಟು. ಅಮೆರಿಕದಲ್ಲಿ ಬಡ ಕುಟುಂಬಗಳ ಪ್ರೌಢಶಾಲಾ ವಿದ್ಯಾರ್ಥಿಗಳಿಗೆಂದು 1965ರಲ್ಲಿ ಶುರುವಾದ ‘ಅಪ್‌ವರ್ಡ್ ಬೌಂಡ್’ ಕಾರ್ಯಕ್ರಮ ಕಾಲೇಜುಗಳ ಆವರಣದಲ್ಲಿ ಬೆಳೆಯಿತು. ಕರ್ನಾಟಕದಲ್ಲಿ ಈ ಕೆಲಸಕ್ಕೆ ನೆಲ ಹದ ಮಾಡಿದವರು ಮೇಷ್ಟರುಗಳು ಮತ್ತು ಜನವಿಜ್ಞಾನ ಚಳವಳಿಯವರು.

ಎಚ್. ನರಸಿಂಹಯ್ಯನವರು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ವಿಜ್ಞಾನ ವೇದಿಕೆ ನಗರದ ಸಭಾಂಗಣಕ್ಕೆ ಸೇರಿದ್ದು. ಹಳ್ಳಿಯ ಕಡೆ ಮುಖಮಾಡಿದ್ದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಅದೇ ವರ್ಷದ ಫೆಬ್ರವರಿ 16ರಂದು ರಾಜ್ಯದ ಮೇಲೆ ಹಾದುಹೋದ ಖಗ್ರಾಸ ಸೂರ್ಯಗ್ರಹಣಕ್ಕೆ ಎಷ್ಟೋ ಮನೆಗಳು ಬಾಗಿಲು ಹಾಕಿಕೊಂಡಿದ್ದವು. ಆಗಬೇಕಾದ ಕೆಲಸ ಎಷ್ಟಿದೆಯೆಂದು ತಿಳಿಯಲು ಬೇರೆ ಸಮೀಕ್ಷೆ ಬೇಕಿರಲಿಲ್ಲ. 1987ರ ಭಾರತ ಜನವಿಜ್ಞಾನ ಜಾಥಾದ ಬೆನ್ನಿಗೆ ಭಾರತ ಜ್ಞಾನ ವಿಜ್ಞಾನ ಸಮಿತಿ ಬಂತು. 1993ರಲ್ಲಿ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ರಜೆಯ ಕಾರ್ಯಕ್ರಮವಲ್ಲ. ಆದರೂ ತಮ್ಮ ಊರಿನ ಸಮಸ್ಯೆಯನ್ನು ತಮ್ಮ ಭಾಷೆಯಲ್ಲೇ ಅಧ್ಯಯನ ಮಾಡುವ ಅದರ ಕ್ರಮವೇ ಇಂಥ ಶಿಬಿರಗಳಿಗೆ ಹೆಚ್ಚು ಒಗ್ಗುವಂಥದ್ದು. 1999ರಲ್ಲಿ ಸ್ಥಾಪನೆಯಾದ ಅಗಸ್ತ್ಯ ಪ್ರತಿಷ್ಠಾನ ಗಡಿಯಾಚೆಯ ಕುಪ್ಪಂನಲ್ಲಿ ನೆಲೆಯೂರಿ, ಪ್ರಯೋಗಾಲಯವನ್ನೇ ವಾಹನದಲ್ಲಿಟ್ಟು ಶಾಲೆಗಳಿಗೆ ಕಳಿಸಿತು.

ಕೇಂದ್ರ ಸರ್ಕಾರದ ‘ಇನ್‌ಸ್ಪೈರ್’ (2008) ಹನ್ನೊಂದನೇ ತರಗತಿಯವರಿಗೆ ಐದು ದಿನದ ಶಿಬಿರ ಏರ್ಪಡಿಸಿ ಹೆಸರಾಂತ ವಿಜ್ಞಾನಿಗಳನ್ನು ಮುಖತಃ ಭೇಟಿ ಮಾಡಿಸಿತು. ಆಯ್ಕೆ ಮಾತ್ರ ಹತ್ತನೇ ತರಗತಿಯ ಅಗ್ರ ಒಂದು ಪ್ರತಿಶತ ಅಂಕಗಳಿಂದ. ಶಿಬಿರ ಯಾರಿಗೆ ಹೆಚ್ಚು ಬೇಕೋ ಅವರು ಈ ಜರಡಿಯಲ್ಲಿ ನಿಲ್ಲುವುದು ಕಷ್ಟ.

ಹಾಸನ ಜಿಲ್ಲೆಯ ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿ ಬೇಸಿಗೆ ರಜೆ ಸುಮಾರಾಗಿ ಏಪ್ರಿಲ್ 10ರಿಂದ ಮೇ ಕೊನೆಯವರೆಗೆ. ಭರಣಿ ಮಳೆ ಬಿದ್ದರೆ ಹೊಲದ ಕೆಲಸ, ಇಲ್ಲವಾದರೆ ಅಜ್ಜಿ ಮನೆ. ಊಟ, ವಸತಿ ಇರುವ ಶಿಬಿರಕ್ಕಾದರೆ ಮಕ್ಕಳು ಸಿಗುತ್ತಾರೆ. ದಿನವೂ ಬಸ್ಸು ಹಿಡಿದು ಬರಬೇಕಾದ ಶಿಬಿರಕ್ಕೆ ಕಡಿಮೆ. ಸಲಕರಣೆಗೇನೂ ಬರವಿಲ್ಲ. ಹೊಯ್ಸಳ ಗುಡಿಗಳ ಬಳಪದ ಕಲ್ಲು ಭೂವಿಜ್ಞಾನದ ಪಾಠಕ್ಕೆ ಸಾಕು. ಏಪ್ರಿಲ್ 25ರ ಆಸುಪಾಸಿನಲ್ಲಿ, ಮಧ್ಯಾಹ್ನ 12 ಗಂಟೆ 25 ನಿಮಿಷದ ಹೊತ್ತಿಗೆ ಸೂರ್ಯ ಇಲ್ಲಿ ನೆತ್ತಿಯ ಮೇಲೆ ನೇರ ನಿಂತು ನೆಟ್ಟ ಕೋಲಿನ ನೆರಳು ಮಾಯವಾಗುತ್ತದೆ. ಒಂದು ಕೋಲು, ಒಂದು ಅಂಗಳ ಇದ್ದರೆ ಅಕ್ಷಾಂಶದ ಪಾಠ ಆಯಿತು. ಶೂನ್ಯ ನೆರಳಿನ ದಿನ ಆಗಸ್ಟ್ ನಡುವಿನಲ್ಲಿ ಮತ್ತೊಮ್ಮೆ ಬರುತ್ತದೆ. ಆಗ ಶಾಲೆ ಇರುತ್ತದೆ, ಮೋಡವೂ ಇರುತ್ತದೆ.